ವಿಚಾರಣಾ ಸಮಿತಿ ಬೇರೆ, ನಿಮ್ಮ ಆಕ್ಷೇಪಣೆ ಬೇರೆ

ನೆದರ್ಲೆಂಡ್ಸ್‌ನಲ್ಲಿ ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಮಗುವಿನ ಡೇ-ಕೇರ್ ಖರ್ಚಿನ ಒಂದು ಪಾಲನ್ನು ಸರ್ಕಾರ ಕೊಡುತ್ತದೆ. ಈ ಹಣದ ವಿಷಯದಲ್ಲೇ ಇಲ್ಲಿ ದೊಡ್ಡ ಅನ್ಯಾಯ ನಡೆದುಹೋಯಿತು. ಸಹಿ ಬಿಟ್ಟುಹೋಗಿದೆ, ನಿಮ್ಮ ಪಾಲು ಪೂರ್ತಿ ಕಟ್ಟಿಲ್ಲ ಅಂತ ತೆರಿಗೆ ಇಲಾಖೆ ಸಾವಿರಾರು ಪೋಷಕರಿಂದ ಇಡೀ ವರ್ಷದ ಹಣವನ್ನೇ ವಾಪಸ್ ಕೇಳಿತು. ಎಷ್ಟೋ ಮನೆಗಳಿಗೆ ಬಂದ ಬಿಲ್ಲು ಹತ್ತಾರು ಸಾವಿರ ಯೂರೋ. ಪೆಟ್ಟು ತಿಂದವರಲ್ಲಿ ವಲಸೆ ಬಂದ ಕುಟುಂಬಗಳೇ ಬಹಳ.

ಕೋರ್ಟಿಗೆ ಹೋದವರೂ ಸೋತು ಬಂದರು. ಆಡಳಿತದ ಮೊಕದ್ದಮೆಗಳಲ್ಲಿ ಕೊನೆಯ ಮಾತು ಹೇಳುವ ರಾಡ್ ಫಾನ್ ಸ್ಟಾಟ, 2019ರ ಅಕ್ಟೋಬರ್ ತನಕ ಇಲಾಖೆಯ ಪರವೇ ನಿಂತಿತ್ತು. ಕೋರ್ಟಿನ ಮುಂದೆ ಬರುವುದು ಒಬ್ಬೊಬ್ಬರ ಫೈಲು. ಇಲಾಖೆಯೊಳಗೆ ಯಾರ ಮೇಲೆ ಯಾಕೆ ಕಣ್ಣಿಟ್ಟರು ಅನ್ನೋದು ಅದರಲ್ಲಿ ಎಲ್ಲಿ ಕಾಣಬೇಕು?

ಅದು ಕಂಡದ್ದು ಹೊರಗಿನವರು ವಿಚಾರಣೆ ಮಾಡಿದಾಗ. 2017ರಲ್ಲಿ ರಾಷ್ಟ್ರೀಯ ಓಂಬುಡ್ಸ್‌ಮನ್ ವರದಿ ಬಂತು. ಜೋಡಿ ಪೌರತ್ವದ ಮಾಹಿತಿಯನ್ನು ಇಲಾಖೆ ಕಾನೂನುಬಾಹಿರವಾಗಿ ಇಟ್ಟುಕೊಂಡಿತ್ತು ಅಂತ 2020ರ ಜುಲೈನಲ್ಲಿ ಮಾಹಿತಿ ರಕ್ಷಣಾ ಪ್ರಾಧಿಕಾರ ಹೇಳಿತು. ಅದೇ ನವೆಂಬರ್‌ನಲ್ಲಿ ಕ್ರಿಸ್ ಫಾನ್ ಡಾಮ್ ಅಧ್ಯಕ್ಷತೆಯ ಸಂಸದೀಯ ಸಮಿತಿ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಪ್ರಮಾಣ ಮಾಡಿಸಿ ಎಲ್ಲರೆದುರೇ ಪ್ರಶ್ನಿಸಿತು. ಡಿಸೆಂಬರ್ 17ರಂದು ಬಂದ ವರದಿ ಇಲಾಖೆಯನ್ನಷ್ಟೇ ಅಲ್ಲ, ಕಾನೂನು ಮಾಡಿದ ಸಂಸತ್ತನ್ನೂ ತೀರ್ಪು ಕೊಟ್ಟ ನ್ಯಾಯಾಧೀಶರನ್ನೂ ತಪ್ಪಿತಸ್ಥರೆಂದಿತು. 2021ರ ಜನವರಿ 15ಕ್ಕೆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ನೊಂದ ಪೋಷಕರಿಗೆ ಕನಿಷ್ಠ 30,000 ಯೂರೋ ಪರಿಹಾರ ಘೋಷಣೆಯಾಯಿತು.

ಆದರೆ ಸಮಿತಿ ಯಾರಿಗೂ ಶಿಕ್ಷೆ ಕೊಡುವುದಿಲ್ಲ, ನಿಮ್ಮ ಮನೆಗೆ ಬಂದ ಕಾಗದವನ್ನು ರದ್ದೂ ಮಾಡುವುದಿಲ್ಲ. ‘ತನಿಖೆ ನಡೀತಿದೆಯಲ್ಲ, ಕಾಯೋಣ’ ಅಂತ ಕೂತರೆ ನಷ್ಟ ನಿಮಗೇ.

ಇಲಾಖೆಯ ಆದೇಶ ತಪ್ಪು ಅನ್ನಿಸಿದರೆ ‘ಬೆಜ್ವಾರ್’, ಅಂದರೆ ಆಕ್ಷೇಪಣೆ, ಸಲ್ಲಿಸಬೇಕು. ಆದೇಶ ಕಳಿಸಿದ ಮಾರನೇ ದಿನದಿಂದ ಆರು ವಾರ ಗಡುವು. ಕಾಗದ ಕೈಗೆ ಬಂದ ದಿನದಿಂದಲ್ಲ, ಇದನ್ನು ಗಮನಿಸಿ. ಇದಕ್ಕೆ ಶುಲ್ಕವಿಲ್ಲ. ಕಾರಣಗಳನ್ನೆಲ್ಲ ಬರೆಯಲು ಹೊತ್ತಿಲ್ಲವೇ? ‘ಈ ಆದೇಶಕ್ಕೆ ನನ್ನ ಆಕ್ಷೇಪಣೆ ಇದೆ, ಕಾರಣ ಕೊಡಲು ಸಮಯ ಕೊಡಿ’ ಎಂದು ಎರಡು ಸಾಲು ಡಚ್‌ನಲ್ಲಿ ಕಳಿಸಿ ಗಡುವು ಉಳಿಸಿಕೊಳ್ಳಿ. ಬೇರೆ ಭಾಷೆಯಲ್ಲಿ ಬರೆದರೆ ಅನುವಾದ ನೀವೇ ಕೊಡಬೇಕಾಗಬಹುದು. ‘ಯುರಿಡಿಸ್ ಲೊಕೆಟ್’ ಕಚೇರಿಯಲ್ಲಿ ಕಾನೂನು ಸಲಹೆ ಉಚಿತ.

ಡೇ-ಕೇರ್ ರಸೀದಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ನೀವು ಕಳಿಸಿದ್ದರ ನಕಲು, ಯಾವುದನ್ನೂ ಬಿಸಾಡಬೇಡಿ. ಆ ಪೋಷಕರು ತಮ್ಮದೇ ಫೈಲು ಕೇಳಿದಾಗ ಇಲಾಖೆ ಕೊಟ್ಟ ಪುಟಗಳಲ್ಲಿ ಬಹುಪಾಲು ಕಪ್ಪು ಮಸಿ ಬಳಿದಿತ್ತು.