ಜೋಳದ ರೊಟ್ಟಿಯೂ ಮಿದುಳಿನ ಆರೋಗ್ಯವೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆಗಳಲ್ಲಿ ಊಟವೆಂದರೆ ಜೋಳದ ರೊಟ್ಟಿ. ಅದರ ಮಗ್ಗುಲಲ್ಲಿ ತೊಗರಿಬೇಳೆಯೋ, ಪುಂಡಿಪಲ್ಯವೋ, ಶೇಂಗಾ ಹಿಂಡಿಯೋ ಇದ್ದರೆ ತೃಪ್ತಿ. ಹಿರಿಯರು ಕೂಡಿಸಿಕೊಟ್ಟ ಈ ಜೊತೆ ಬರಿಯ ನಾಲಗೆಯ ಚಪಲಕ್ಕಾಗಿ ಹುಟ್ಟಿದ್ದಲ್ಲ. ಅದರಲ್ಲಿ ಮಿದುಳಿನ ಹಿತವೂ ಅಡಗಿದೆಯೆಂದರೆ ಕೆಲವರಿಗೆ ಸೋಜಿಗವೆನಿಸಬಹುದು.

ನಾವು ತಿನ್ನುವ ಸಸಾರಜನಕವು ಹೊಟ್ಟೆಯಲ್ಲಿ ಜೀರ್ಣವಾಗಿ ಅಮೈನೋ ಆಮ್ಲಗಳೆಂಬ ಸಣ್ಣ ತುಣುಕುಗಳಾಗುತ್ತದೆ. ಅವುಗಳಲ್ಲೊಂದು ಟ್ರಿಪ್ಟೊಫಾನ್. ಇದನ್ನು 1901ರಲ್ಲಿ ಇಂಗ್ಲೆಂಡಿನ ಹಾಪ್ಕಿನ್ಸ್ ಮತ್ತು ಕೋಲ್ ಎಂಬುವರು ಬೇರ್ಪಡಿಸಿದರು. ನಮ್ಮ ದೇಹವು ಇದನ್ನು ತಾನಾಗಿ ತಯಾರಿಸಿಕೊಳ್ಳಲಾರದು, ಅನ್ನದಿಂದಲೇ ಬರಬೇಕು. ಹಾಗೆ ಬಂದದ್ದರಲ್ಲಿ ಒಂದು ಪಾಲು ಮೈ ಕಟ್ಟಲು ಸಲ್ಲುತ್ತದೆ. ಅಲ್ಪ ಭಾಗವು ಮನಸ್ಸಿನ ನೆಮ್ಮದಿಗೂ ನಿದ್ರೆಗೂ ಸಂಬಂಧಪಟ್ಟ ಸಿರೊಟೋನಿನ್ ಆಗುತ್ತದೆ. ಉಳಿದುದರಲ್ಲಿ ಬಹುಪಾಲು ಕೈನ್ಯುರೆನಿನ್ ಎಂಬ ದಾರಿಯಲ್ಲಿ ಹರಿಯುತ್ತದೆ. ಆ ದಾರಿಯ ತುದಿಯಲ್ಲಿ ನಿಯಾಸಿನ್ ಎಂಬ ‘ಬಿ’ ಗುಂಪಿನ ಜೀವಸತ್ವದ ಕೆಲಸವು ನೆರವೇರುತ್ತದೆ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನಿನಿಂದ 1 ಮಿಲಿಗ್ರಾಂ ನಿಯಾಸಿನ್ ದೊರೆಯುತ್ತದೆಂದು ಲೆಕ್ಕ.

ಈ ಹರಿವು ಕೆಟ್ಟರೆ ಏನಾಗುವುದೆಂಬುದನ್ನು ನಮ್ಮ ದಖನ್ನಿನ ಜೋಳದ ನಾಡು ಕಣ್ಣಾರೆ ಕಂಡಿದೆ. ಆ ರೋಗದ ಹೆಸರು ಪೆಲಾಗ್ರ. ಬಿಸಿಲು ತಾಗುವ ಕಡೆ ಚರ್ಮವು ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ—ಇವು ಅದರ ಲಕ್ಷಣಗಳು. ಹೈದರಾಬಾದಿನ ಪೌಷ್ಟಿಕ ಸಂಶೋಧನಾಲಯದ ಡಾಕ್ಟರ್ ಗೋಪಾಲನ್ ಮತ್ತು ಶ್ರೀಕಂಠಯ್ಯನವರು ಈ ರೋಗವನ್ನು ಜೋಳವನ್ನೇ ನೆಚ್ಚಿ ಬದುಕುವ ಬಡವರಲ್ಲಿ ಕಂಡರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಮತ್ತೊಂದು ಅಮೈನೋ ಆಮ್ಲವು ಇದಕ್ಕೆ ಕಾರಣವೆಂದು 1960ರಲ್ಲಿ ಪ್ರಕಟಿಸಿದರು. ಈ ವಿವರಣೆಯನ್ನು ಎಲ್ಲ ವಿಜ್ಞಾನಿಗಳೂ ಒಪ್ಪಲಿಲ್ಲ. ಆದರೆ ಜೋಳದ ಜೊತೆಗೆ ಬೇಳೆ, ಶೇಂಗಾ, ಹಾಲು ಸೇರಿದ ಊಟ ಒಳ್ಳೆಯದೆಂಬುದರಲ್ಲಿ ವಿವಾದವಿಲ್ಲ. ನಿಯಾಸಿನ್ ಕೊಟ್ಟರೆ ಪೆಲಾಗ್ರದ ರೋಗಿ ಚೇತರಿಸಿಕೊಳ್ಳುತ್ತಾನೆ. ಕಲಕಿದ ಬುದ್ಧಿಯೂ ಬಹುಮಟ್ಟಿಗೆ ತಿಳಿಯಾಗುತ್ತದೆ.

ಇದು ಕಾಲುವೆಗೆ ನೀರೇ ಸಾಲದಾದ ಕಥೆ. ನೀರಿದ್ದೂ ತೂಬು ಕೆಟ್ಟರೆ? ಎಚ್.ಐ.ವಿ. ಸೋಂಕಿನಲ್ಲಿ ಆಗುವುದು ಅದೇ. ವೈರಸ್ಸಿನೊಡನೆ ಹೋರಾಡುವ ದೇಹವು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ವಸ್ತುವನ್ನು ಹೊರಡಿಸುತ್ತದೆ. ಅದು ಟ್ರಿಪ್ಟೊಫಾನನ್ನು ಒಡೆಯುವ ಒಂದು ಕಿಣ್ವವನ್ನು ಕೆರಳಿಸುತ್ತದೆ. ತೂಬು ತೆರೆದೇ ಉಳಿದಂತೆ ಟ್ರಿಪ್ಟೊಫಾನ್ ಹರಿದು ಹೋಗಿ, ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಊಟ ಸರಿಯಾಗಿದ್ದರೂ ಹೀಗಾಗಬಹುದು.

ಇಷ್ಟೇ ಆಗಿದ್ದರೆ ಚಿಂತೆ ಕಡಿಮೆ. ಆ ದಾರಿಯ ನಡುವೆ ಕ್ವಿನೊಲಿನಿಕ್ ಆಮ್ಲವೆಂಬ ವಸ್ತುವೊಂದು ಹುಟ್ಟುತ್ತದೆ. ಮಿದುಳಿನೊಳಗಿನ ಕಾವಲು ಕೋಶಗಳು ಉರಿಯೂತದಿಂದ ಕೆರಳಿದಾಗ ಇದನ್ನು ಮಿತಿಮೀರಿ ತಯಾರಿಸುತ್ತವೆ. ಇದು ನರಕೋಶಗಳನ್ನು ಅತಿಯಾಗಿ ಪ್ರಚೋದಿಸಿ, ದಣಿಸಿ, ಕೊನೆಗೆ ಹಾಳುಮಾಡಬಲ್ಲದು. ಕಾವಲುಗಾರನೇ ಕಳ್ಳನನ್ನು ಅಟ್ಟುವ ಭರದಲ್ಲಿ ಮನೆಯ ಸಾಮಾನು ಒಡೆದಂತೆ! 1991ರಲ್ಲಿ ಅಮೆರಿಕದ ಹೇಯ್ಸ್ ಮತ್ತು ಸಂಗಡಿಗರು ಇಂಥ ರೋಗಿಗಳ ಮಿದುಳು–ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದರು. ಬುದ್ಧಿ ಮಂಕಾದವರಲ್ಲಿ ಈ ಆಮ್ಲವು ಬಹಳವಾಗಿ ಏರಿತ್ತು. ಚಿಕಿತ್ಸೆಯಿಂದ ಗುಣ ಕಂಡವರಲ್ಲಿ ಇಳಿದಿತ್ತು. ಮಿದುಳಿಗೇರಿದ ಮಲೇರಿಯ, ಹಂಟಿಂಗ್ಟನ್ ರೋಗ, ಆಲ್‌ಜೈಮರ್ ಮರೆವಿನ ರೋಗ ಮುಂತಾದವುಗಳಲ್ಲಿಯೂ ಈ ದಾರಿಯ ಏರುಪೇರನ್ನು ವಿಜ್ಞಾನಿಗಳು ಕಂಡಿದ್ದಾರೆ. ಅದು ಎಲ್ಲ ಕಡೆಯೂ ಮೂಲಕಾರಣವೆಂದು ಮಾತ್ರ ಭಾವಿಸಬಾರದು.

ಇದರಿಂದ ಗೃಹಸ್ಥರು ತಿಳಿಯಬೇಕಾದುದೇನು? ಮನೆಯಲ್ಲಿ ಒಬ್ಬರು ಮೆಲ್ಲಮೆಲ್ಲನೆ ಮರೆಯತೊಡಗುತ್ತಾರೆ, ಮಾತು ನಿಧಾನವಾಗುತ್ತದೆ, ಕೈ ತಡವರಿಸುತ್ತದೆ, ಯಾರೊಡನೆಯೂ ಬೆರೆಯದೆ ಮೂಲೆ ಸೇರುತ್ತಾರೆ. ನಾವಾದರೋ ಸೋಮಾರಿತನವೆಂದು ಗದರುತ್ತೇವೆ, ಇಲ್ಲವೆ ಗಾಳಿ ಸೋಕಿತೆಂದು ಅಂತ್ರ ಕಟ್ಟಿಸುತ್ತೇವೆ. ಅದು ಹಟವೂ ಅಲ್ಲ, ಶಾಪವೂ ಅಲ್ಲ; ಮಿದುಳಿನ ರೋಗವಿರಬಹುದು. ಕಾರಣಗಳು ಹಲವಾದುದರಿಂದ ವೈದ್ಯರಲ್ಲಿಗೆ ಕರೆದೊಯ್ಯುವುದೇ ಸರಿ.

ಎಚ್.ಐ.ವಿ. ಎಂದು ತಿಳಿದರೂ ಧೈರ್ಯಗೆಡಬೇಕಾಗಿಲ್ಲ. ವೈರಸ್ಸನ್ನು ಅಡಗಿಸುವ ಎ.ಆರ್.ಟಿ. ಔಷಧವನ್ನು 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡಲಾಗುತ್ತಿದೆ. ಅದನ್ನು ತಪ್ಪದೆ ನುಂಗಿದರೆ ಉರಿಯೂತ ತಗ್ಗುತ್ತದೆ, ಟ್ರಿಪ್ಟೊಫಾನಿನ ಸೋರಿಕೆಯೂ ಕಡಿಮೆಯಾಗುತ್ತದೆ. ಬೇಗ ಆರಂಭಿಸಿದಷ್ಟೂ ಲಾಭ. ಟ್ರಿಪ್ಟೊಫಾನ್ ಮಾತ್ರೆ ನುಂಗಿ ನಷ್ಟ ತುಂಬುತ್ತೇನೆಂಬುದು ಮಾತ್ರ ತಪ್ಪು; ಕೆಟ್ಟ ತೂಬಿಗೆ ಇನ್ನಷ್ಟು ನೀರು ಬಿಟ್ಟರೆ ಪ್ರಯೋಜನವೇನು? ಒಳ್ಳೆಯ ಊಟ ಬೇಕೇ ಬೇಕು, ಆದರೆ ಅದು ಔಷಧದ ಜೊತೆಗಾರ, ಔಷಧದ ಬದಲಿಯಲ್ಲ.

ಕೊನೆಯದಾಗಿ ಒಂದು ಮಾತು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದರಿಂದ ಎಚ್.ಐ.ವಿ. ಹರಡುವುದಿಲ್ಲ. ರೋಗಿಯ ಗಂಗಾಳವನ್ನು ಬೇರೆಯಿಡಬೇಡಿ. ಮಾತ್ರೆಯ ಹೊತ್ತನ್ನು ಅವರು ಮರೆತಾರು, ನೆನಪಿಸುವವರು ಬಳಿಯಲ್ಲಿರಬೇಕು. ಮನೆಮಂದಿಯ ನಡುವೆ ಕೂರಿಸಿ ಬಿಸಿ ರೊಟ್ಟಿ, ಬೇಳೆ ಬಡಿಸಿದರೆ ಮೈಗೂ ಹಿತ, ಮನಸ್ಸಿಗೂ ಹಿತ.