ಅಪ್ಪನ ಹೆಸರಿನಲ್ಲಿ ಓಡುವ ಮುನ್ನ

“ಅಪ್ಪಾರಿಗೆ ಲಕ್ವಾ ಹೊಡೆದು ಆರು ತಿಂಗಳಾತ್ರೀ ಸಿಸ್ಟರ್. ಅವರ ಹೆಸರಿಲೆ ಬೆಂಗಳೂರಾಗ ಓಡಿ, ಬಡ ರೋಗಿಗಳಿಗೆ ರೊಕ್ಕ ಕೂಡಿಸಬೇಕಂತ ಮಾಡೇನ್ರೀ” ಎಂದು ನಮ್ಮ ವಾರ್ಡಿನಲ್ಲಿ ಮಗನೊಬ್ಬರು ಹೇಳಿದರು. ನನಗೆ ಸಂತೋಷವಾಯಿತು. “ಮೊದಲು ನಿಮ್ಮ ಬಿ.ಪಿ. ನೋಡೋಣ” ಎಂದೆ. 38 ವರ್ಷದ ಅವರಿಗೆ 170/104 ಇತ್ತು! ಅವರಿಗೆ ಯಾವ ತೊಂದರೆಯೂ ಕಾಣಿಸಿರಲಿಲ್ಲ. ತಂದೆಗೆ ಲಕ್ವಾ ತಂದದ್ದೂ ಇದೇ ರಕ್ತದೊತ್ತಡ.

ಆದ್ದರಿಂದ ಲಕ್ವಾ ರೋಗಿಯ ಮಕ್ಕಳೇ, ಒಡಹುಟ್ಟಿದವರೇ, ನೀವು ಓಡಿ ಬಿಡಿ, ನಿಮ್ಮ ಬಿ.ಪಿ. ಮತ್ತು ಸಕ್ಕರೆಯ ಪರೀಕ್ಷೆಯನ್ನಂತೂ ಇಂದೇ ಮಾಡಿಸಿಕೊಳ್ಳಿ.

ಸಹಾಯಾರ್ಥ ಓಟ ಎಂದರೇನು?

ಮುಂಬೈ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ 10 ಕಿ.ಮೀ. ಓಟ 2008ರಲ್ಲಿ ಆರಂಭವಾದವು. ಓಡುವವರು ಒಂದು ಸೇವಾ ಸಂಸ್ಥೆಯನ್ನು ಆರಿಸಿಕೊಂಡು, ಬಂಧುಮಿತ್ರರಿಂದ ಅದಕ್ಕೆ ದೇಣಿಗೆ ಕೂಡಿಸಬಹುದು. ಇಂಥ ಓಟಗಳಲ್ಲಿ ನೀವು ಕಟ್ಟುವ ಪ್ರವೇಶ ಶುಲ್ಕವೇ ದೇಣಿಗೆ ಎಂದು ತಿಳಿಯಬೇಡಿ, ಮೊದಲೇ ವಿಚಾರಿಸಿರಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ.

ತಯಾರಿ ಹೇಗೆ?

1. ವೈದ್ಯರ ಒಪ್ಪಿಗೆ ಪಡೆಯಿರಿ. ಬಿ.ಪಿ. ಹೆಚ್ಚಿದ್ದರೆ ಮೊದಲು ಅದು ಹತೋಟಿಗೆ ಬರಲಿ.
2. ಅಭ್ಯಾಸವಿಲ್ಲದವರು ದಿನಕ್ಕೆ ಅರ್ಧ ಗಂಟೆ ಬಿರುಸಾದ ನಡಿಗೆಯಿಂದ ಆರಂಭಿಸಿರಿ. ಕೆಲವು ವಾರಗಳ ನಂತರ ನಡುನಡುವೆ ನಿಧಾನವಾಗಿ ಓಡಿರಿ.
3. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ, ವೈದ್ಯರನ್ನು ಕಾಣಿರಿ. ಜ್ವರವಿದ್ದಾಗ ಓಡಬಾರದು.
4. ಬಿ.ಪಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ.

ರೋಗಿಯನ್ನು ಮರೆಯಬೇಡಿ

ನೀವು ಅಭ್ಯಾಸಕ್ಕೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ? ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಕೈಕಾಲಿನ ವ್ಯಾಯಾಮವನ್ನೂ ತಪ್ಪಿಸಬಾರದು. ಈ ಭಾರವೆಲ್ಲ ತಾಯಿಯ ಮೇಲೊಬ್ಬರ ಮೇಲೆಯೇ ಬೀಳದಿರಲಿ. ಮನೆಮಂದಿ ಸರದಿ ಹಾಕಿಕೊಳ್ಳಿರಿ. ಮುಂಬೈ, ಬೆಂಗಳೂರಿನ ಓಟಗಳಲ್ಲಿ ಅಂಗವಿಕಲರಿಗೆ ಪ್ರತ್ಯೇಕ ವಿಭಾಗವಿದ್ದು, ಗಾಲಿಕುರ್ಚಿಯವರೂ ಭಾಗವಹಿಸುತ್ತಾರೆ. ರೋಗಿಗೆ ಮನಸ್ಸಿದ್ದು ವೈದ್ಯರು ಒಪ್ಪಿದರೆ ಅವರನ್ನೂ ಕರೆದೊಯ್ಯಬಹುದು.

ದೇಣಿಗೆ ಕೇಳುವಾಗ ಇದನ್ನೂ ಹೇಳಿರಿ

ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಲಕ್ವಾದ ಚಿಹ್ನೆಗಳು. ಅದು ತಾನಾಗಿ ಸರಿಹೋದರೂ ತಡಮಾಡದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆತನ್ನಿ. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಾಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹತ್ತು ಮನೆಗೆ ದೇಣಿಗೆ ಕೇಳಲು ಹೋದವರು ಈ ಮಾತನ್ನೂ ತಿಳಿಸಿದರೆ, ಅದೂ ದೊಡ್ಡ ದಾನವೇ.

ಆ ಮಗ ಆ ವರ್ಷ ಓಡಲಿಲ್ಲ. ಮಾತ್ರೆ ತೆಗೆದುಕೊಂಡರು, ಉಪ್ಪು ಕಡಿಮೆ ಮಾಡಿದರು, ದಿನವೂ ಊರ ಕೆರೆಯ ಏರಿಯ ಮೇಲೆ ನಡೆದರು. ಬಿ.ಪಿ. 130/80ಕ್ಕೆ ಇಳಿಯಿತು. ಮರುವರ್ಷ ವೈದ್ಯರೇ “ಹೋಗಿ ಬನ್ನಿ” ಎಂದರು. ತಂದೆಯ ಪಕ್ಕದ ಹಾಸಿಗೆಗೆ ಬೀಳದಂತೆ ತಮ್ಮನ್ನು ಕಾಪಾಡಿಕೊಂಡದ್ದೇ ಅವರು ತಂದೆಗೆ ಮಾಡಿದ ಮೊದಲ ಸೇವೆ.