ಎಳೆಯ ಹೇಂಟೆಯ ಮೊದಲ ಮೊಟ್ಟೆಗಳು

ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವ ಪಟ್ಟಣಿಗರಿಗೆ ಒಮ್ಮೊಮ್ಮೆ ಹೀಗಾಗುವುದುಂಟು: ಬೆಳಿಗ್ಗೆ ಲವಲವಿಕೆಯಿಂದ ಕಾಳು ತಿಂದ ಎಳೆಯ ಹೇಂಟೆಯು ಮಧ್ಯಾಹ್ನದ ಹೊತ್ತಿಗೆ ಹಿಂಭಾಗ ಹರಿದು, ಕರುಳು ಹೊರಬಿದ್ದು ಸತ್ತಿರುತ್ತದೆ. ನಾವು ಮುಂಗುಸಿಯನ್ನು ದೂರುತ್ತೇವೆ. ಆದರೆ ಗೂಡಿನ ಬಾಗಿಲು ಭದ್ರವಾಗಿದ್ದಲ್ಲಿ, ಅಪರಾಧಿಗಳು ಬಹುಮಟ್ಟಿಗೆ ಅದರ ಜೊತೆಯ ಕೋಳಿಗಳೇ.

ಇದರ ಕಾರಣವನ್ನರಿಯಲು ಮೊಟ್ಟೆ ಹೊರಬರುವ ಬಗೆಯನ್ನು ತಿಳಿಯಬೇಕು. ಕೋಳಿಯಲ್ಲಿ ಮಲಕ್ಕೂ ಮೊಟ್ಟೆಗೂ ದ್ವಾರ ಒಂದೇ. ಮೊಟ್ಟೆಯಿಡುವಾಗ ಅಂಡನಾಳದ ತುದಿಯು ಒಳಮೈ ಹೊರಗಾಗಿ ಮಗುಚಿ, ಮೊಟ್ಟೆಯನ್ನು ಹೊರಗೆ ಬಿಟ್ಟು, ಮತ್ತೆ ಒಳಸೇರುತ್ತದೆ. ಆ ಹೊತ್ತಿನಲ್ಲಿ ಕಾಣುವ ಒದ್ದೆಯಾದ ಕೆಂಪು ಮಾಂಸವು ಇತರ ಕೋಳಿಗಳನ್ನು ಕುಕ್ಕಲು ಸೆಳೆಯುತ್ತದೆ. ಒಮ್ಮೆ ರಕ್ತ ಕಂಡಿತೆಂದರೆ ಅವು ಬಿಡುವುದಿಲ್ಲ.

ಬಿಳಿಯ ಲೆಗ್‌ಹಾರ್ನ್ ಜಾತಿಯ ಹೇಂಟೆ ಸುಮಾರು 18ರಿಂದ 20 ವಾರಗಳಲ್ಲಿ ಮೊಟ್ಟೆಯಿಡತೊಡಗುತ್ತದೆ. ಮೈ ಬಲಿಯುವ ಮೊದಲೇ ದೀಪವಿಟ್ಟು ಹಗಲನ್ನು ಹಿಗ್ಗಿಸಿದರೆ, ಕೊಬ್ಬು ಬೆಳೆದಿದ್ದರೆ, ಅಥವಾ ಮೊಟ್ಟೆ ತೀರ ದೊಡ್ಡದಾದರೆ, ಹೊರಬಂದ ಮಾಂಸವು ಒಳಸೇರದೆ ನಿಲ್ಲಬಹುದು. ಮೊದಲ ಮೊಟ್ಟೆಗಳ ಮೇಲೆ ರಕ್ತದ ಸಣ್ಣ ಗೆರೆ ಕಂಡರೆ ಅಂಜಬೇಕಾಗಿಲ್ಲ. ದಿನವೂ ಕಂಡರೆ ಹೇಂಟೆಯನ್ನೆತ್ತಿ ಪರೀಕ್ಷಿಸತಕ್ಕದ್ದು.

ಮಾಂಸ ಹೊರನಿಂತಿದ್ದರೆ ಮೊಟ್ಟಮೊದಲು ಆ ಹೇಂಟೆಯನ್ನು ಬೇರ್ಪಡಿಸಬೇಕು. ಉಗುರುಬೆಚ್ಚನೆಯ ನೀರಿನಿಂದ ತೊಳೆದು, ಬಾತಿದ್ದಲ್ಲಿ ಸ್ವಲ್ಪ ಸಕ್ಕರೆ ಹಚ್ಚಿದರೆ ಅದು ನೀರನ್ನೆಳೆದು ಬಾವನ್ನಿಳಿಸುತ್ತದೆ. ಬಳಿಕ ಮತ್ತೆ ತೊಳೆದು, ಶುದ್ಧವಾದ ಬೆರಳಿಗೆ ಎಣ್ಣೆ ಸವರಿ ಮೆಲ್ಲನೆ ಒಳಸೇರಿಸಿ, ಕೆಲವು ದಿನ ಮಬ್ಬುಗತ್ತಲೆಯಲ್ಲಿರಿಸಬೇಕು. ಬೆಳಕು ಕುಗ್ಗಿದರೆ ಮೊಟ್ಟೆಯೂ ತಡೆಯುತ್ತದೆ. ಮಾಂಸ ಹರಿದಿದ್ದರೆ, ಕಪ್ಪಾಗಿದ್ದರೆ, ಮತ್ತೆ ಮತ್ತೆ ಹೊರಬಂದರೆ, ಪಶುವೈದ್ಯರಿಗೆ ತೋರಿಸುವುದೇ ದಾರಿ.

ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು ಬೇರೊಂದು ತೊಂದರೆ. ಹೇಂಟೆಯು ಬಾಲ ತಗ್ಗಿಸಿ, ಮೈ ಮುದುಡಿ ನಿಂತು ಮುಕ್ಕುತ್ತದೆ. ಮೊಟ್ಟೆಗೂಡಿಗೆ ಹೋಗಿ ಬರಿದೇ ಮರಳುತ್ತದೆ. ಅದರ ಹಿಂಭಾಗವನ್ನು ಕಾಲು ಗಂಟೆ ಬೆಚ್ಚನೆಯ ನೀರಿನಲ್ಲಿರಿಸಿ, ಒರಸಿ, ದ್ವಾರಕ್ಕೆ ಎಣ್ಣೆ ಸವರಿ, ಬೆಚ್ಚನೆಯ ಶಾಂತವಾದ ಜಾಗದಲ್ಲಿಡಬೇಕು. ಹೊಟ್ಟೆಯನ್ನು ಹಿಸುಕಲೇಬಾರದು; ಒಳಗೆ ಒಡೆದ ಮೊಟ್ಟೆಯ ಚಿಪ್ಪು ನಾಳವನ್ನು ಸೀಳೀತು. ಕೆಲವು ಗಂಟೆಗಳಲ್ಲಿ ಮೊಟ್ಟೆ ಬಾರದಿದ್ದರೆ ವೈದ್ಯರ ನೆರವು ಬೇಕು. ಚಿಪ್ಪಿಗೂ, ಮೊಟ್ಟೆಯನ್ನು ತಳ್ಳುವ ಸ್ನಾಯುಗಳಿಗೂ ಸುಣ್ಣದ ಅಂಶ ಅಗತ್ಯವಾದುದರಿಂದ, ಮೊಟ್ಟೆಯಿಡುವ ಕೋಳಿಗಳಿಗೆ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಸದಾ ಇರಿಸಿರುವುದು ಲೇಸು.

ಇವೆಲ್ಲಕ್ಕಿಂತ ಸುಲಭವಾದದ್ದು ಮುನ್ನೆಚ್ಚರಿಕೆ. ಇಕ್ಕಟ್ಟಿಲ್ಲದ ಗೂಡು, ನೆಲಕ್ಕಿಂತ ತುಸು ಎತ್ತರದಲ್ಲಿ ಮರೆಯೂ ಮಬ್ಬೂ ಇರುವ ಮೊಟ್ಟೆಪೆಟ್ಟಿಗೆ, ಮೈ ಬಲಿಯುವವರೆಗೆ ನಮ್ಮ ತಾಳ್ಮೆ — ಇಷ್ಟೇ. ಒಂದು ವಾರ ಮುಂಚೆ ಮೊಟ್ಟೆ ತಿನ್ನುವ ಆತುರದಿಂದ ಹೇಂಟೆಯನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.